ಅಘನಾಶಿನಿಯ ನೀರು ಸುಮ್ನೆ ಸಮುದ್ರ ಸೇರುತ್ತಿದೆಯಾ?

ಪ್ರಶ್ನೆ: ನಾವು ಬೆಂಗಳೂರಿನ ಕೋರಮಂಗಲದಲ್ಲಿದ್ದೇವೆ. ಡಿಸೆಂಬರ್ ರಜೆಗೆ ಕಾರವಾರದ ರೈಲು ಹಿಡಿದು ಗೋಕರ್ಣಕ್ಕೆ ಹೋಗಿದ್ದೆವು. ಕುಮಟಾ ದಾಟಿದ ಮೇಲೆ ಸೇತುವೆ ಕೆಳಗೆ ನದಿಯೋ ಸಮುದ್ರವೋ ಗೊತ್ತಾಗದಷ್ಟು ನೀರಿತ್ತು. ತದಡಿಯಿಂದ ದೋಣಿಯಲ್ಲಿ ಆಚೆ ದಡಕ್ಕೆ ಹೋಗುವಾಗ ಹೆಂಗಸರು ನೀರಲ್ಲಿ ನಿಂತು ಏನೋ ಹೆಕ್ಕುತ್ತಿದ್ದರು. ಮಿರ್ಜಾನ್ ಕೋಟೆಯನ್ನೂ ನೋಡಿದೆವು. ಅಲ್ಲೊಂದು ಬಂದರು ಇತ್ತಂತೆ. ಸಮುದ್ರವೇ ಕಾಣದ ಜಾಗದಲ್ಲಿ ಬಂದರು ಹೇಗೆ? ಇನ್ನೊಂದು ವಿಷಯ. ನಮಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ಅಷ್ಟು ನೀರು ಸುಮ್ನೆ ಸಮುದ್ರಕ್ಕೆ ಹೋಗುವುದನ್ನು ನೋಡಿ ಹೊಟ್ಟೆ ಉರಿಯಿತು. ಅದನ್ನು ಈ ಕಡೆ ತಿರುಗಿಸೋಕೆ ಆಗಲ್ವಾ?

ಉತ್ತರ: ಡಿಸೆಂಬರಿನಲ್ಲಿ ನೀವು ಕಂಡದ್ದು ಬಹುಪಾಲು ಸಮುದ್ರದ ನೀರು. ದೋಣಿಯಿಂದ ಕೈ ಇಳಿಬಿಟ್ಟು ನಾಲಿಗೆಗೆ ಮುಟ್ಟಿಸಿದ್ದರೆ ಉಪ್ಪು ಗೊತ್ತಾಗುತ್ತಿತ್ತು. ಹಾಗಾಗಿ ಹೊಟ್ಟೆಯುರಿ ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು.

ಆದರೆ ನಿಮ್ಮ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ. ಪಶ್ಚಿಮಕ್ಕೆ ಹರಿಯುವ ನದಿಗಳೆಲ್ಲ ದಂಡ ಎಂಬ ಮಾತು ಬೆಂಗಳೂರಿನಲ್ಲಿ ಪ್ರತಿ ಬೇಸಿಗೆಯಲ್ಲೂ ಕೇಳಿಬರುತ್ತೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಘನಾಶಿನಿ ಅತಿ ಹೆಚ್ಚು ಜನರಿಗೆ ಅನ್ನ ಕೊಡುವುದು ಸಮುದ್ರ ಸೇರುವ ಕೊನೆಯ 25 ಕಿಲೋಮೀಟರಿನಲ್ಲಿ. ಮಳೆಗಾಲದಲ್ಲಿ ತುಂಬಿ ಹರಿದು ಬೇಸಿಗೆಯಲ್ಲಿ ಸೊರಗುವ ಅದರ ಏರುಪೇರಿನಿಂದಲೇ ಆ ಅನ್ನ ಹುಟ್ಟುತ್ತದೆ. ನೀರು ಕಿತ್ತುಕೊಂಡರೂ ಅದು ಕೆಡುತ್ತೆ. ವರ್ಷವಿಡೀ ಒಂದೇ ಸಮ ಬಿಟ್ಟರೂ ಕೆಡುತ್ತೆ. ಎರಡನೆಯದಕ್ಕೆ ಸಾಕ್ಷಿ ಪಕ್ಕದ ತಾಲ್ಲೂಕಿನಲ್ಲೇ ಇದೆ. ಅಲ್ಲಿಗೆ ಆಮೇಲೆ ಬರೋಣ.

ಮೊದಲು ನದಿಯ ಪರಿಚಯ. ಅಘನಾಶಿನಿ ಉದ್ದದ ನದಿಯೇನಲ್ಲ, ಸುಮಾರು 120 ಕಿಲೋಮೀಟರ್ ಅಷ್ಟೆ. ಶಿರಸಿ ಪೇಟೆಯ ಶಂಕರಹೊಂಡದಿಂದ ಒಂದು ಕವಲು, ಮಂಜುಗುಣಿ ಕಡೆಯಿಂದ ಇನ್ನೊಂದು ಕವಲು ಹೊರಡುತ್ತವೆ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ನದಿ 116 ಮೀಟರ್ ಕೆಳಗೆ ಧುಮುಕುತ್ತದೆ. ಅಲ್ಲಿಂದ ಕಾಡಿನ ಕಣಿವೆ ಹಿಡಿದು ಕುಮಟಾ ತಾಲ್ಲೂಕಿಗೆ ಇಳಿಯುತ್ತದೆ. ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಉತ್ತರಕ್ಕಿರುವ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ದಕ್ಷಿಣದ ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ ಇವೆ. ನಡುವೆ ಇದೂ ಗಂಗಾವಳಿಯೂ ತಮ್ಮ ಪಾಡಿಗೆ ಹರಿದುಕೊಂಡಿವೆ.

ಇಷ್ಟು ಚಿಕ್ಕ ನದಿಗೆ ಅಷ್ಟು ಅಗಲದ ಅಳಿವೆ, ಅಂದರೆ ಸಮುದ್ರ ಸೇರುವ ಕಡೆ ಉಪ್ಪು, ಸಿಹಿ ಬೆರೆಯುವ ನೀರಿನ ಹರವು, ಎಲ್ಲಿಂದ ಬಂತು ಅಂತ ನಿಮಗೆ ಅನಿಸಿರಬೇಕು. ಅದು ಮುಳುಗಿದ ಕಣಿವೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಜೋರಾಗಿದ್ದಾಗ, ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ದಡ ಪಶ್ಚಿಮಕ್ಕೆ ಹತ್ತಾರು ಕಿಲೋಮೀಟರ್ ದೂರದಲ್ಲಿತ್ತು. ನದಿ ಆ ಮಟ್ಟಕ್ಕೆ ತಕ್ಕಂತೆ ತನ್ನ ಕಣಿವೆಯನ್ನು ಆಳವಾಗಿ ಕೊರೆಯಿತು. ಆಮೇಲೆ ಹಿಮ ಕರಗಿತು, ಸಮುದ್ರ ಏರಿತು. ಸುಮಾರು ಆರೇಳು ಸಾವಿರ ವರ್ಷಗಳ ಹಿಂದೆ ಈಗಿನ ಮಟ್ಟದ ಹತ್ತಿರಕ್ಕೆ ಬಂತು. ಕಣಿವೆ ಉಪ್ಪುನೀರಿನಲ್ಲಿ ಮುಳುಗಿತು. ಅವತ್ತಿನಿಂದ ಘಟ್ಟದ ಮಣ್ಣು ಬಂದು ಅದನ್ನು ನಿಧಾನವಾಗಿ ತುಂಬುತ್ತಿದೆ. ನೀವು ನೋಡಿದ ಕೆಸರು ದಿಬ್ಬಗಳು, ಐಗಳಕುರ್ವೆಯಂಥ ನಡುಗಡ್ಡೆಗಳು, ಬಯಲು ಗದ್ದೆಗಳು ಎಲ್ಲವೂ ಹಾಗೆ ತುಂಬಿದ ಮಣ್ಣಿನ ಮೇಲಿವೆ.

ಅಳಿವೆಯ ಬಾಯಿ ಮಾತ್ರ ಕಿರಿದು. ಉತ್ತರಕ್ಕೆ ತದಡಿ, ದಕ್ಷಿಣಕ್ಕೆ ಅಘನಾಶಿನಿ ಎಂಬ ಊರು. ಎರಡೂ ಕಡೆ ಚಿರೆಕಲ್ಲಿನ ಗುಡ್ಡ. ಗುಡ್ಡಗಳ ನಡುವಿನ ಸಂದಿಯಿಂದ ಒಳಗೆ ಬಂದರೆ ನೀರು ಇದ್ದಕ್ಕಿದ್ದಂತೆ ವಿಶಾಲವಾಗಿ ಹರಡಿಕೊಳ್ಳುತ್ತದೆ. ಮಳೆಗಾಲದ ಅಲೆಗಳ ಅಬ್ಬರ ಒಳಗೆ ಬರುವುದಿಲ್ಲ. ಉಪ್ಪುನೀರು ಮಾತ್ರ ಬರುತ್ತದೆ. ಬಂದರಿಗೂ ಮೀನಿನ ಮರಿಗಳಿಗೂ ಬೇಕಾದದ್ದು ಇಂಥದ್ದೇ ಜಾಗ.

ಭರತ, ಇಳಿತ, ಅಂದರೆ ಸಮುದ್ರದ ನೀರು ಏರುವುದು, ಇಳಿಯುವುದು, ದಿನಕ್ಕೆ ಎರಡೆರಡು ಸಲ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಏರಿ ಇಳಿಯುವ ಎತ್ತರ ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಗುಜರಾತಿನ ಖಂಭಾತಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ಆದರೆ ನೆಲ ತೀರಾ ಸಮತಟ್ಟು. ಅದಕ್ಕೇ ಅಷ್ಟು ಸಣ್ಣ ಏರಿಕೆಗೂ ಎಕರೆಗಟ್ಟಲೆ ಕೆಸರು ಮುಳುಗಿ ಏಳುತ್ತದೆ. ಉಪ್ಪುನೀರು ಭಾರ, ಸಿಹಿನೀರು ಹಗುರ. ನದಿಯ ನೀರು ಮೇಲೆ ಮೇಲೆ ಸಮುದ್ರದ ಕಡೆ ಜಾರುವಾಗ ಅಡಿಯಲ್ಲಿ ಉಪ್ಪುನೀರು ಒಳಕ್ಕೆ ನುಗ್ಗುತ್ತಿರುತ್ತದೆ. ಕುಮಟಾ ಸೀಮೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಘಟ್ಟದ ಮೇಲೆ ಕೆಲವು ಕಡೆ ಇನ್ನೂ ಜಾಸ್ತಿ. ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈಯಲ್ಲಿ ನದಿ ಉಪ್ಪುನೀರನ್ನು ಬಾಯಿಯ ತನಕ ದೂಡಿಬಿಡುತ್ತದೆ. ಆಗ ತದಡಿಯ ದೋಣಿಯಿಂದ ಕೈ ಅದ್ದಿದರೂ ಬರುವುದು ಹೆಚ್ಚುಕಮ್ಮಿ ಸಿಹಿನೀರು. ನವೆಂಬರಿನಿಂದ ನದಿ ಸೊರಗುತ್ತದೆ, ಉಪ್ಪು ದಿನದಿನಕ್ಕೂ ಮೇಲಕ್ಕೆ ಹತ್ತುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಮಿರ್ಜಾನ್ ದಾಟಿ ಒಳಗಿನ ಹಳ್ಳಿಗಳವರೆಗೂ ಹೋಗಿರುತ್ತದೆ.

ಇಲ್ಲಿಯ ಬೇಸಾಯ, ಮೀನು, ಉಪ್ಪು ಎಲ್ಲವೂ ಈ ಪಂಚಾಂಗದ ಪ್ರಕಾರವೇ ನಡೆಯುತ್ತವೆ.

ಗಜನಿಯನ್ನೇ ನೋಡಿ. ಅಳಿವೆಯ ಅಂಚಿನ ತಗ್ಗು ಗದ್ದೆಗಳಿಗೆ ಅಲ್ಲಿ ಗಜನಿ ಅನ್ನುತ್ತಾರೆ. ಸುತ್ತ ಮಣ್ಣು, ಕಲ್ಲಿನ ಒಡ್ಡು. ಒಡ್ಡಿನಲ್ಲಿ ಹಲಗೆ ಹಾಕಿ ಮುಚ್ಚುವ ತೂಬು. ಅಲ್ಲಿ ಬೆಳೆಯುವ ಭತ್ತದ ಹೆಸರು ಕಗ್ಗ. ಜೂನಿನ ಜೋರು ಮಳೆ ಮಣ್ಣಿನ ಉಪ್ಪನ್ನು ತೊಳೆದುಕೊಟ್ಟ ಮೇಲೆ ಮೊಳಕೆ ಬರಿಸಿದ ಬೀಜ ಬಿತ್ತುತ್ತಾರೆ. ಗೊಬ್ಬರ ಹಾಕುವುದಿಲ್ಲ, ನೆರೆ ತರುವ ಹೂಳೇ ಸಾಕು. ಪೈರು ಹತ್ತಿರ ಹತ್ತಿರ ಆಳೆತ್ತರಕ್ಕೆ ಬೆಳೆಯುತ್ತದೆ. ಕೆಲವು ದಿನ ನೆರೆಯಲ್ಲಿ ಮುಳುಗಿದರೂ ತಡೆದುಕೊಳ್ಳುತ್ತದೆ, ಸ್ವಲ್ಪ ಉಪ್ಪು ಒಳಗೆ ಜಿನುಗಿದರೂ ಸಾಯುವುದಿಲ್ಲ. ಬೇರೆ ಭತ್ತ ಆ ಉಪ್ಪಿಗೆ ಸುಟ್ಟೇ ಹೋಗುತ್ತೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೊಯ್ಲು. ಕೊಯ್ದ ಮೇಲೆ ಉಳಿಯುವ ಬುಡ, ಅಂದರೆ ಕೂಳೆಯನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ತೂಬು ತೆಗೆದು ಭರತದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಆ ನೀರಿನ ಜೊತೆ ಶೆಟ್ಲಿ ಮರಿ, ಮೀನಿನ ಮರಿ ಬರುತ್ತವೆ. ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ನಾವು ಸಿಗಡಿ ಅನ್ನುತ್ತೇವಲ್ಲ, ಅದೇ ಶೆಟ್ಲಿ. ಕೊಳೆಯುವ ಕೂಳೆಯ ಮೇಲೆ ಅವುಗಳಿಗೆ ಬೇಕಾದ ಆಹಾರ ಹುಟ್ಟಿಕೊಳ್ಳುತ್ತದೆ. ಮೇವಿಗೆ ಕಾಸು ಖರ್ಚಿಲ್ಲ. ಬೇಸಿಗೆಯಲ್ಲಿ ಅದನ್ನು ಹಿಡಿಯುತ್ತಾರೆ. ಮತ್ತೆ ಮಳೆ ಬಂದು ಉಪ್ಪು ತೊಳೆಯುತ್ತದೆ, ಮತ್ತೆ ಕಗ್ಗ.

ಮಳೆಗಾಲದ ಹೆಚ್ಚುವರಿ ನೀರನ್ನಷ್ಟೇ ತಗೊಳ್ಳೋಣ ಎನ್ನುವವರಿಗೆ ನಾನು ತೋರಿಸುವುದು ಇದನ್ನೇ. ಆ ನೀರು ಇಲ್ಲಿ ಗದ್ದೆಯ ಉಪ್ಪು ತೊಳೆಯುತ್ತಿದೆ, ಹೂಳು ಹಾಕುತ್ತಿದೆ. ಯಾವ ಲೆಕ್ಕಪುಸ್ತಕದಲ್ಲೂ ಅದನ್ನು ಬರೆದಿಟ್ಟಿಲ್ಲ ಅಷ್ಟೆ.

ಕಗ್ಗಕ್ಕೆ ಇನ್ನೊಂದು ಗುಣವಿದೆ. ಅದನ್ನು ಒಬ್ಬರೇ ಬೆಳೆಯೋಕೆ ಆಗಲ್ಲ. ನೂರಾರು ಎಕರೆಯ ನಡುವೆ ಒಬ್ಬರ ಗದ್ದೆಯಲ್ಲಿ ಮಾತ್ರ ತೆನೆ ಇದ್ದರೆ ಹಕ್ಕಿಗಳು ಮತ್ತು ಏಡಿಗಳು ಪೂರ್ತಿ ಮುಗಿಸಿಬಿಡುತ್ತವೆ. ಒಡ್ಡು ಎಲ್ಲರದ್ದು, ತೂಬು ಎಲ್ಲರದ್ದು. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಲ್ಲಿ ರೈತರು ಸೇರಿಕೊಂಡು ಕಗ್ಗವನ್ನು ಉಳಿಸಿಕೊಂಡಿದ್ದಾರೆ. ಬೇರೆ ಕಡೆ ಅದು ಬಹಳ ಕುಗ್ಗಿದೆ. ಯಾಕೆ ಕುಗ್ಗಿತು ಎನ್ನುವುದಕ್ಕೆ ಒಂದೇ ಕಾರಣ ಹೇಳೋಕೆ ಆಗುವುದಿಲ್ಲ. ಹಿಂದೆ ಒಡ್ಡಿನ ರಿಪೇರಿ ಜಮೀನ್ದಾರರ ಉಸ್ತುವಾರಿಯಲ್ಲಿ, ಗೇಣಿದಾರರ ಬೆವರಿನಲ್ಲಿ ನಡೆಯುತ್ತಿತ್ತು. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1948ರಲ್ಲಿ, ಇಂಥ ಉಪ್ಪುನೆಲಗಳಿಗೆ ಅಂತಲೇ ಖಾರ್‌ಲ್ಯಾಂಡ್ ಕಾಯ್ದೆ ಬಂತು. ಮುಂದೆ ಸರ್ಕಾರ ಪಕ್ಕಾ ಕಲ್ಲಿನ ಒಡ್ಡು ಕಟ್ಟಿಸಿತು. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಜಮೀನು ಸಿಕ್ಕಿತು, ಅದು ಆಗಲೇಬೇಕಿತ್ತು. ಆದರೆ ಒಡ್ಡು ಸರ್ಕಾರದ್ದು ಅಂದ ಮೇಲೆ ಅದರ ಕಾವಲು ಯಾರದ್ದೂ ಅಲ್ಲ ಎನ್ನುವ ಹಾಗಾಯಿತು. ಕಲ್ಲಿನ ಒಡ್ಡು ಬಂದ ಕಡೆ ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಹೋದವು. 1980ರ ದಶಕದ ನಂತರ ಶೆಟ್ಲಿಗೆ ಹೊರದೇಶದ ಬೆಲೆ ಬಂತು. ಭತ್ತ ಬಿಟ್ಟು ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಶೆಟ್ಲಿ ಸಾಕುವುದು ಶುರುವಾಯಿತು. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯ ಸಿಗಡಿ ಕೆರೆಗಳನ್ನೆಲ್ಲ ಹೊಡೆಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ದೊಡ್ಡ ಸಿಗಡಿ ಫಾರಂಗಳ ವಿರುದ್ಧ ತೀರ್ಪು ಕೊಟ್ಟಿತು, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ಇತ್ತು. ಅಷ್ಟರಲ್ಲಿ ಎಷ್ಟೋ ಗಜನಿಗಳಲ್ಲಿ ಮಳೆಗಾಲದ ತೊಳೆತವೂ ನಿಂತು, ಕಗ್ಗದ ಬೀಜವೂ ಹೋಗಿತ್ತು.

ಇನ್ನು ನೀರಲ್ಲಿ ನಿಂತಿದ್ದ ಹೆಂಗಸರು. ಅವರು ಹೆಕ್ಕುತ್ತಿದ್ದದ್ದು ಬಳಚು, ಕೆಸರಿನಲ್ಲಿ ಬದುಕುವ, ತಿನ್ನುವ ಚಿಪ್ಪುಜೀವಿ. ಮಂಗಳೂರು ಕಡೆ ಮರುವಾಯಿ ಅನ್ನುತ್ತಾರೆ. ಇಳಿತದ ಹೊತ್ತಿಗೆ ನೀರಿಗಿಳಿದು ಕೈಯಲ್ಲಿ, ಕಾಲಲ್ಲಿ ಕೆಸರು ತಡಕಿ ತೆಗೆಯುತ್ತಾರೆ. ನಮ್ಮ ಬೆಂಗಳೂರಿನದ್ದೇ ಆದ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಈ ಅಳಿವೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. 2008ರ ಅವರ ಅಂದಾಜಿನ ಪ್ರಕಾರ ಇಲ್ಲಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ಸಿಗುತ್ತಿದ್ದವು. ಆಗಿನ ಬೆಲೆಯಲ್ಲಿ ಅದು ಐದೂಮುಕ್ಕಾಲು ಕೋಟಿ ರೂಪಾಯಿಗೂ ಹೆಚ್ಚು. ಬಂಡವಾಳ ಅಂದರೆ ಒಂದು ಬುಟ್ಟಿ, ಹೆಚ್ಚೆಂದರೆ ಒಂದು ಸಣ್ಣ ದೋಣಿ. ಬಳಚಿನಲ್ಲಿ ಜಾತಿಗಳಿವೆ. ಕಪ್ಪು ಚಿಪ್ಪಿನದ್ದು ಉಪ್ಪು ಕಡಿಮೆ ಇರುವ ಮೇಲ್ಭಾಗದಲ್ಲಿ, ಇನ್ನು ಕೆಲವು ನಡುವೆ, ಮತ್ತೆ ಕೆಲವು ಬಾಯಿಯ ಹತ್ತಿರ. ಉಪ್ಪಿನ ಗೆರೆ ಸರಿದರೆ ಅವುಗಳ ಜಾಗವೂ ಸರಿಯುತ್ತದೆ. ಮೀನಿನ ಹಾಗೆ ಈಜಿಕೊಂಡು ಓಡೋಕೆ ಅವಕ್ಕೆ ಬರುವುದಿಲ್ಲ. ಸತ್ತ ಚಿಪ್ಪುಗಳೂ ಅಳಿವೆಯ ತಳದಲ್ಲಿ ಪದರ ಪದರವಾಗಿ ಕೂತಿವೆ. ಅವನ್ನು ಸುಣ್ಣಕ್ಕೆ ತೆಗೆಯುತ್ತಾರೆ. ಕೈಯಲ್ಲಿ ತೆಗೆದಷ್ಟು ದಿನ ಅದರಿಂದ ದೊಡ್ಡ ಹಾನಿ ಇರಲಿಲ್ಲ. ಯಂತ್ರದಲ್ಲಿ ತಳ ಕೆದಕುವುದು ಬೇರೆಯೇ ಕಥೆ, ಬದುಕಿರುವ ಬಳಚಿನ ಮನೆಯೂ ಅದೇ ತಳದಲ್ಲಿದೆ ಅಲ್ವಾ.

ಈಗ ಸಾಣಿಕಟ್ಟಾದ ಉಪ್ಪು. ತದಡಿಯಿಂದ ಸ್ವಲ್ಪ ಒಳಗಿನ ಈ ಊರಿನಲ್ಲಿ ಶತಮಾನಗಳಿಂದ ಉಪ್ಪಿನ ಆಗರಗಳಿವೆ. 1952ರಿಂದ ಆಗರದ ಮಾಲೀಕರದ್ದೇ ಒಂದು ಸಹಕಾರಿ ಸಂಘ ಇದನ್ನು ನಡೆಸುತ್ತಿದೆ. ಅಳಿವೆಯ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಕೊನೆಯ ಪಾತಿಯಲ್ಲಿ ಉಪ್ಪು ಹರಳುಗಟ್ಟುತ್ತದೆ. ಸ್ವಲ್ಪ ಮಾಸಲು ಬಣ್ಣದ ಹರಳು. ಉಪ್ಪಿನಕಾಯಿಗೆ ಅದೇ ಆಗಬೇಕು ಎನ್ನುವ ಮನೆಗಳು ಆ ಕಡೆ ಬೇಕಾದಷ್ಟಿವೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನದಿಯ ನೀರು ಬೆರೆತಷ್ಟೂ ಅದು ತೆಳುವಾಗುತ್ತದೆ, ಬಿಸಿಲು ಜಾಸ್ತಿ ದಿನ ಬೇಕಾಗುತ್ತದೆ. ಹಾಗಾಗಿ ಆಗರಕ್ಕೆ ಬೇಸಿಗೆಯಲ್ಲಿ ನದಿ ಸೊರಗಿರಲೇಬೇಕು. ಕಗ್ಗಕ್ಕೆ ಜುಲೈಯ ಸಿಹಿನೀರು ಬೇಕು, ಆಗರಕ್ಕೆ ಮಾರ್ಚಿಯ ಉಪ್ಪುನೀರು ಬೇಕು. ಎರಡೂ ಒಂದೇ ಅಳಿವೆಯಿಂದ.

ಈ ಉಪ್ಪೇ ನಿಮ್ಮ ಮಿರ್ಜಾನ್ ಪ್ರಶ್ನೆಗೂ ಅರ್ಧ ಉತ್ತರ. ಹಳೆಯ ಕಾಲದ ದೋಣಿಗೆ ತೆರೆದ ಕಡಲತೀರ ಎಂದರೆ ಅಪಾಯ. ಮಳೆಗಾಲದಲ್ಲಂತೂ ಪಶ್ಚಿಮ ಕರಾವಳಿಯ ಬಂದರುಗಳೆಲ್ಲ ಬಾಗಿಲು ಹಾಕಿದ ಹಾಗೆಯೇ. ಸಣ್ಣ ದೋಣಿ ಭರತದ ಜೊತೆ ಒಳಗೆ ಬಂದರೆ ಹುಟ್ಟು ಹಾಕುವ ಶ್ರಮವೂ ಕಡಿಮೆ. ಇಳಿತದ ಜೊತೆ ಹೊರಟರೆ ವಾಪಸ್ಸೂ ಸಲೀಸು. ದೊಡ್ಡ ಹಡಗು ಹೊರಗೆ ಲಂಗರು ಹಾಕುತ್ತಿತ್ತು. ಶಿರಸಿ, ಸಿದ್ದಾಪುರದ ಕಾಳುಮೆಣಸು ಘಟ್ಟ ಇಳಿದು ಬರುತ್ತಿದ್ದದ್ದು ನದಿಯ ಮೇಲ್ಭಾಗಕ್ಕೆ. ಹಾಗಾಗಿ ಕಾವಲಿನ ಕೋಟೆಗೆ ಕಡಲ ದಡಕ್ಕಿಂತ ಒಳಗಿನ ಜಾಗವೇ ಸರಿ. ಮಿರ್ಜಾನ್‌ಗಿಂತ ಇನ್ನೂ ಮೇಲೆ ಉಪ್ಪಿನಪಟ್ಟಣ ಇದೆ, ದೋಣಿ ಹೋಗುವ ದಾರಿ ಹೆಚ್ಚುಕಮ್ಮಿ ಮುಗಿಯುವ ಜಾಗ. ಕರಾವಳಿಯ ಉಪ್ಪು ಅಲ್ಲಿಯ ತನಕ ನೀರಿನಲ್ಲಿ ಬಂದು, ಅಲ್ಲಿಂದ ಎತ್ತಿನ ಬೆನ್ನೇರಿ ಘಟ್ಟ ಹತ್ತುತ್ತಿತ್ತು.

ಕೋಟೆಯ ಹೆಸರಿನ ಜೊತೆ ಸೇರಿಕೊಂಡಿರುವವಳು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ ಆಳಿದವಳು. ಮೆಣಸಿನ ವ್ಯಾಪಾರ ಅವಳ ಕೈಯಲ್ಲಿದ್ದದ್ದಕ್ಕೆ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಕೋಟೆ ಈಗಿರುವ ರೂಪಕ್ಕೆ ಬಂದದ್ದು ನಂತರದ ಬಿಜಾಪುರದ ಅಧಿಕಾರಿಗಳಿಂದ ಎನ್ನುವ ವಾದವೂ ಇದೆ. ಚಿರೆಕಲ್ಲಿನ ಕೋಟೆಗಳ ವಯಸ್ಸು ಹೇಳುವುದು ಸುಲಭವಲ್ಲ, ಒಬ್ಬರು ಕಟ್ಟಿದ್ದರ ಮೇಲೆ ಇನ್ನೊಬ್ಬರು ಕಟ್ಟುತ್ತಾ ಹೋಗುತ್ತಾರೆ. ಆಮೇಲೆ ಕೆಳದಿಯವರು ಬಂದರು, ಹೈದರ್, ಟಿಪ್ಪು ಬಂದರು, 1799ರ ನಂತರ ಬ್ರಿಟಿಷರು. ಹತ್ತೊಂಬತ್ತನೇ ಶತಮಾನದಲ್ಲಿ ವ್ಯಾಪಾರ ಅಳಿವೆಯನ್ನು ಬಿಟ್ಟು ಕುಮಟಾ ಪೇಟೆಗೆ ಸರಿಯಿತು. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾದಿಂದ ಮುಂಬಯಿಗೆ ಹೋಗುತ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಕುಮಟಾ ಹತ್ತಿಗೆ ಎಲ್ಲಿಲ್ಲದ ಬೇಡಿಕೆ. ಮರುವರ್ಷವೇ, 1862ರಲ್ಲಿ, ಈ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿಗೆ ಸೇರಿಸಿದರು. 1880ರ ದಶಕದ ಕೊನೆಗೆ ಮರ್ಮಗೋವಾಕ್ಕೆ ರೈಲು ಬಂತು, ಹತ್ತಿ ಆ ದಾರಿ ಹಿಡಿಯಿತು. ಕುಮಟಾ ಮತ್ತೆ ತಣ್ಣಗಾಯಿತು.

ಆ ತಣ್ಣಗಾದದ್ದು ಅಳಿವೆಯ ಪುಣ್ಯ ಅಂತ ನನಗೆ ಅನಿಸುತ್ತದೆ. ದೊಡ್ಡ ಬಂದರು ಬೆಳೆದಿದ್ದರೆ ಇಷ್ಟು ಹೊತ್ತಿಗೆ ಬಾಯಿಯ ಹೂಳೆತ್ತಿ, ಅಂಚಿಗೆ ಕಾಂಕ್ರೀಟ್ ಹಾಕಿ ಮುಗಿದಿರುತ್ತಿತ್ತು. ಆಸೆ ಮಾತ್ರ ಯಾರೂ ಬಿಟ್ಟಿಲ್ಲ. 2000ದ ದಶಕದಲ್ಲಿ ತದಡಿಗೆ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂತು. ಊರವರ ವಿರೋಧ ಜೋರಾಗಿತ್ತು, ಅದು ಆಗಲಿಲ್ಲ. ಆಮೇಲೆ ವಾಣಿಜ್ಯ ಬಂದರಿನ ಮಾತು ಬಂತು. 2024ರಲ್ಲಿ 4,801 ಹೆಕ್ಟೇರಿನ ಈ ಅಳಿವೆಯನ್ನು ರಾಮ್ಸರ್ ಪಟ್ಟಿಗೆ ಸೇರಿಸಿದರು. ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿ ಅದು. ಅದರ ವಿವರಣೆಯಲ್ಲೇ 6,000ದಿಂದ 7,500 ಕುಟುಂಬಗಳ ಬದುಕಿಗೆ ಈ ಅಳಿವೆ ಆಸರೆ ಎಂದಿದೆ. ಒಂದು ಅಣೆಕಟ್ಟಿನ ಖರ್ಚು-ಲಾಭದ ಪಟ್ಟಿ ಮಾಡುವಾಗ ಈ ಸಂಖ್ಯೆಯನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ ಎಂದು ನಾನು ಕೇಳುತ್ತಿರುತ್ತೇನೆ.

ಈಗ ಪಕ್ಕದ ತಾಲ್ಲೂಕಿನ ಸಾಕ್ಷಿ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ವಿದ್ಯುತ್ತಿಗೆ ವರ್ಷವಿಡೀ ನೀರು ಬಿಡಲೇಬೇಕು. ಹಾಗಾಗಿ ಬೇಸಿಗೆಯಲ್ಲೂ ಶರಾವತಿಯ ಅಳಿವೆಗೆ ಸಿಹಿನೀರು ಬರುತ್ತಲೇ ಇರುತ್ತದೆ. ಕೇಳೋಕೆ ಒಳ್ಳೆಯದು ಅನಿಸುತ್ತೆ. ಆದರೆ ಉಪ್ಪು ಒಳಗೆ ಹತ್ತುವುದೇ ಕಷ್ಟವಾಯಿತು. ಉಪ್ಪು ಬೇಕಾದ ಬಳಚು ಹೋಯಿತು, ಅದನ್ನು ಹೆಕ್ಕಿ ಬದುಕುತ್ತಿದ್ದವರ ಸಂಪಾದನೆ ಹೋಯಿತು. ಬೇಸಿಗೆಯಲ್ಲಿ ಒಳಗೆ ಬರುತ್ತಿದ್ದ ಸಮುದ್ರದ ಮೀನುಗಳೂ ಕಡಿಮೆಯಾದವು. ವಿಜ್ಞಾನ ಸಂಸ್ಥೆಯವರು ಜಿಲ್ಲೆಯ ಅಳಿವೆಗಳನ್ನು ಹೋಲಿಸಿ ನೋಡಿದಾಗ ಅಣೆಕಟ್ಟಿಲ್ಲದ ಅಘನಾಶಿನಿ ಮತ್ತು ಗಂಗಾವಳಿಯಲ್ಲಿ ಮೀನಿನ ಬಗೆಗಳು ಹೆಚ್ಚು, ಅಣೆಕಟ್ಟಿರುವ ಶರಾವತಿ ಮತ್ತು ಕಾಳಿಯಲ್ಲಿ ಕಡಿಮೆ ಎಂದು ಕಂಡಿತು. ನದಿಗೆ ಕನಿಷ್ಠ ಹರಿವು ಬಿಟ್ಟರೆ ಸಾಕು ಎಂದು ಯೋಜನೆಗಳ ವರದಿಯಲ್ಲಿ ಬರೆದಿರುತ್ತದೆ. ಅಳಿವೆಗೆ ಆ ಲೆಕ್ಕ ಸಾಲದು. ಎಷ್ಟು ನೀರು ಎನ್ನುವಷ್ಟೇ ಯಾವ ತಿಂಗಳು ಎನ್ನುವುದೂ ಮುಖ್ಯ.

ಇನ್ನು ಬೆಂಗಳೂರಿಗೆ ತರುವ ಮಾತು. ಸುದ್ದಿಯಲ್ಲಿರುವ ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾಪ ಬೆಂಗಳೂರಿಗಲ್ಲ, ಅದು ಹಿರಿಯೂರಿನ ವಾಣಿ ವಿಲಾಸ ಸಾಗರದ ಕಡೆಗೆ. ಬೆಂಗಳೂರಿಗೆ ಅಂತ 2019ರಲ್ಲಿ ಜೋರಾಗಿ ಕೇಳಿಬಂದದ್ದು ಶರಾವತಿಯ ಹೆಸರು, ಮಲೆನಾಡಿನಲ್ಲಿ ದೊಡ್ಡ ಪ್ರತಿಭಟನೆ ಆಯಿತು. ಅಘನಾಶಿನಿಯನ್ನು ತರಬೇಕಾದರೆ ಅಳಿವೆಯಿಂದ ತರೋಕೆ ಆಗುವುದಿಲ್ಲ, ಅಲ್ಲಿ ಉಪ್ಪು. ಘಟ್ಟದ ಕಾಡಿನಲ್ಲೇ ತಡೆಯಬೇಕು. ಆ ಕಾಡು ಸಿಂಗಳೀಕಗಳ ನೆಲೆ, 2011ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಣೆಯಾದದ್ದು. ಅಲ್ಲಿಂದ ಸುಮಾರು 400 ಕಿಲೋಮೀಟರ್ ಪೈಪು, ಜೊತೆಗೆ ಬೆಂಗಳೂರಿನ 900 ಮೀಟರ್ ಎತ್ತರಕ್ಕೆ ಪಂಪು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರಕ್ಕೆ ತಳ್ಳುವುದಕ್ಕೇ ಜಲಮಂಡಳಿಯ ಕರೆಂಟ್ ಬಿಲ್ಲು ಏರುತ್ತಿದೆ.

ಒಂದು ಲೆಕ್ಕ ನೋಡಿ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ. ಊರಿನ ವಿಸ್ತೀರ್ಣ ಸುಮಾರು 741 ಚದರ ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಗುಣಿಸಿದರೆ 25 ಟಿಎಂಸಿ ಆಸುಪಾಸು. 2024ರ ಅಕ್ಟೋಬರಿನಲ್ಲಿ ಶುರುವಾದ ಐದನೇ ಹಂತವೂ ಸೇರಿ ಕಾವೇರಿಯಿಂದ ಬರಬಹುದಾದ ನೀರು ದಿನಕ್ಕೆ 2,225 ದಶಲಕ್ಷ ಲೀಟರ್, ಅಂದರೆ ವರ್ಷಕ್ಕೆ 29 ಟಿಎಂಸಿ ಹತ್ತಿರ. ನಮ್ಮ ತಲೆಯ ಮೇಲೆ ಬೀಳುವುದು ಅದಕ್ಕಿಂತ ಸ್ವಲ್ಪವೇ ಕಡಿಮೆ. ಬಿದ್ದದ್ದೆಲ್ಲ ಸಿಗುವುದಿಲ್ಲ, ಆವಿಯಾಗುತ್ತದೆ, ಇಂಗುತ್ತದೆ. ಕಾಲುಭಾಗ ಸಿಕ್ಕರೂ ಅದು ಸಣ್ಣ ಮೊತ್ತವಲ್ಲ. ಬಳಸಿದ ನೀರೂ ಇದೆ. ನಿಮ್ಮ ಕೋರಮಂಗಲದ ಕಣಿವೆಯ ಕೊಳಚೆ ನೀರನ್ನೇ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಅದರ ಗುಣಮಟ್ಟದ ಬಗ್ಗೆ ತಕರಾರುಗಳಿವೆ, ಇರಬೇಕು ಕೂಡ. ಆದರೂ ಇನ್ನೊಂದು ನದಿಗೆ ಕೈ ಹಾಕುವ ಮೊದಲು ಮಾಡಬೇಕಾದ ಕೆಲಸ ಈ ಕಡೆಯೇ ಬಾಕಿ ಇದೆ.

ಅಂದಹಾಗೆ, ಬೆಂಗಳೂರಿನ ನೀರೂ ಸಮುದ್ರ ಸೇರುತ್ತದೆ. ಕೋರಮಂಗಲ ಕಣಿವೆಯಲ್ಲಿ ಹರಿದದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿನ ಕಡಲೂರಿನ ಹತ್ತಿರ ಕಡಲಿಗೆ. ವೃಷಭಾವತಿಯದ್ದು ಅರ್ಕಾವತಿ, ಕಾವೇರಿ ಮೂಲಕ ಪೂಂಪುಹಾರ್ ಕಡೆಗೆ. ಆ ಅಳಿವೆಗಳಲ್ಲೂ ಮೀನು ಹಿಡಿಯುವವರಿದ್ದಾರೆ.

ಮತ್ತೆ ಹೋಗುವುದಾದರೆ ಎರಡು ಸಲ ಹೋಗಿ, ಒಮ್ಮೆ ಜುಲೈ ಕೊನೆಗೆ, ಇನ್ನೊಮ್ಮೆ ಮಾರ್ಚಿಯಲ್ಲಿ. ಜುಲೈಯಲ್ಲಿ ಮಾಣಿಕಟ್ಟಾ ಕಡೆಯ ಗಜನಿಯಲ್ಲಿ ಕಗ್ಗದ ಪೈರು ಕಾಣುತ್ತದೆ, ಒಡ್ಡಿನ ಮೇಲೆ ಜಾರುತ್ತದೆ, ಹುಷಾರು. ಮಾರ್ಚಿಯಲ್ಲಿ ಸಾಣಿಕಟ್ಟಾದ ಆಗರ ನೋಡಿ, ಬೆಳಿಗ್ಗೆ ಬೇಗ ಹೋದರೆ ಬಿಸಿಲು ಕಡಿಮೆ. ಬಳಚು ಹೆಕ್ಕುವುದನ್ನು ನೋಡಬೇಕಾದರೆ ಇಳಿತದ ಹೊತ್ತಿಗೇ ಇರಬೇಕು. ಅವತ್ತು ಇಳಿತ ಎಷ್ಟು ಗಂಟೆಗೆ ಎಂದು ತದಡಿಯ ದೋಣಿಯವರನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.